ಪುಸ್ತಕದ ಹೆಸರಿನ ಸಾಲು

ರಾತ್ರಿ ಒಂಬತ್ತೂವರೆಗೆ ಪ್ರಿಂಟರು ಟಕ್ ಎಂದು ನಿಂತಿತು. ಹಾಳೆ ಮುಗಿದಿತ್ತು. ಬೆಳಗಿನಿಂದ ಒಬ್ಬಳೇ ದುಡಿದು ಸಾಕಾಗಿದ್ದ ಗ್ರಂಥಪಾಲಕಿ ಎದ್ದು ಹೊಸ ಕಟ್ಟು ತುಂಬಿಸಿದಳು. ವಾಯಿದೆ ಮೀರಿದ ಪುಸ್ತಕಗಳಿಗೆ ನೆನಪಿನ ಪತ್ರ ಸಿದ್ಧವಾಗಬೇಕಾದ ದಿನ. ಇದ್ದ ಇಬ್ಬರು ಸಹಾಯಕಿಯರಲ್ಲಿ ಒಬ್ಬಳು ಕೆಲಸ ಬಿಟ್ಟು, ಇನ್ನೊಬ್ಬಳು ರಜೆ ಹಾಕಿ, ಅಷ್ಟೂ ಇವಳ ತಲೆಗೆ ಬಂದಿತ್ತು. ವಿಳಾಸ, ಪುಸ್ತಕದ ಹೆಸರು, ಸಹಿ. ಮೂರು ಮಡಿಕೆ, ಲಕೋಟೆ. ಹನ್ನೆರಡು ವರ್ಷದಿಂದ ಓದದೆ ಮಡಚುವುದೇ ರೂಢಿ.

ಆದರೆ ಒಂದು ವಿಳಾಸ ಕಣ್ಣಿಗೆ ಬಿತ್ತು. ತನ್ನ ತವರಿನದು. ಹೆಸರು ಅತ್ತಿಗೆಯದು. ಕೆಳಗೆ: ‘ಗಂಡನಿಂದ ಬೇರೆಯಾಗುವ ಮುನ್ನ: ಹೆಣ್ಣುಮಕ್ಕಳಿಗೆ ಕಾನೂನು ಕೈಪಿಡಿ.’

ಆ ಮನೆಯಲ್ಲಿ ಯಾರ ಹೆಸರಿಗೆ ಪತ್ರ ಬಂದರೂ ಒಡೆಯುವವನು ಅಣ್ಣ.

ತಡವಾದ ದಿನ ತಂಗಿಯನ್ನು ಅವಳ ಮನೆಗೆ ಬಿಡಲು ಬರುವವನೂ ಅವನೇ. ಈಗ ಬಾಗಿಲು ತಳ್ಳಿಕೊಂಡು ಬಂದ.

“ಇನ್ನೂ ಮುಗಿದಿಲ್ವಾ? ಕಾರಲ್ಲಿ ಕೂತು ಕೂತು ಬೇರು ಬಿಟ್ಟೆ.” ಕುರ್ಚಿ ಎಳೆದು ಪತ್ರಗಳತ್ತ ಕೈ ಚಾಚಿದ. “ಕೊಡಿಲ್ಲಿ, ನಾನೂ ನಾಲ್ಕು ಮಡಚ್ತೀನಿ.”

ಅವಳು ರಾಶಿಯ ಮೇಲೆ ಅಂಗೈ ಇಟ್ಟಳು. “ಬೇಡಣ್ಣ. ಬೇರೆಯವರು ನೋಡೋ ಹಾಗಿಲ್ಲ.”

“ಓಹೋ, ಯುದ್ಧದ ರಹಸ್ಯ.” ನಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, “ನಿಮ್ಮತ್ತಿಗೆ ಈಗೀಗ ಏನೋ ಓದ್ತಾಳೆ ಕಣೇ. ನಾನು ಒಳಗೆ ಬಂದ್ರೆ ಪುಸ್ತಕ ಬೀರು ಸೇರತ್ತೆ. ಕೇಳಿದ್ರೆ ಮುಖ ತಿರುಗಿಸ್ತಾಳೆ. ಕಂಪ್ಯೂಟರಲ್ಲಿ ಅವಳ ಹೆಸರು ಒತ್ತಿದ್ರೆ ಗೊತ್ತಾಗಲ್ವಾ?”

“ಗೊತ್ತಾಗತ್ತೆ. ಒತ್ತಲ್ಲ.”

“ಅಣ್ಣನಿಗೂ?”

“ನೀನೇನು ಓದ್ತೀಯ ಅಂತ ಅತ್ತಿಗೆ ಕೇಳಿದ್ರೂ ಹೇಳಲ್ಲ.”

“ನಾನೇನು ಓದ್ತೀನಿ, ಕರೆಂಟು ಬಿಲ್ಲು.” ಈ ಸಲ ನಗಲಿಲ್ಲ. “ಅಪ್ಪ ಹೋದಮೇಲೆ ನಿನ್ನ ಓದಿಸಿದ್ದು ಇದಕ್ಕೇನಾ?”

ಅವನು ತನ್ನ ಓದು ಅರ್ಧಕ್ಕೆ ಬಿಟ್ಟು ಇವಳನ್ನು ಕಾಲೇಜಿಗೆ ಕಳಿಸಿದ್ದು ಸುಳ್ಳಲ್ಲ.

“ಅವಳನ್ನೇ ಕೇಳಣ್ಣ,” ಎಂದಳು. “ಮುಖ ತಿರುಗಿಸಿದ್ರೆ ಕಾಯಿ. ನನ್ನ ಕೇಳಬೇಡ.”

“ಕಾರಲ್ಲಿರ್ತೀನಿ,” ಎಂದು ಎದ್ದು ಹೋದ.

ಅತ್ತಿಗೆಯದೊಂದನ್ನು ಹರಿದು ಬುಟ್ಟಿಗೆ ಹಾಕಿದರೆ ಮುಗಿಯಿತು. ಕೈ ಹೋಯಿತು ಕೂಡ. ಅಷ್ಟರಲ್ಲಿ ಅದರ ಕೆಳಗಿನ ಪತ್ರ ಕಂಡಿತು: ಕುಡಿತ ಬಿಡುವ ದಾರಿ. ಅದರಡಿ, ಸ್ತನದ ಗಡ್ಡೆಯ ಚಿಕಿತ್ಸೆ. ಪ್ರತಿ ಮನೆಯಲ್ಲೂ ಒಬ್ಬ ಅಣ್ಣನೋ ಒಬ್ಬಳು ಅತ್ತೆಯೋ ಲಕೋಟೆ ಒಡೆಯುತ್ತಿರಬಹುದು. ಹನ್ನೆರಡು ವರ್ಷ, ಅಂಚಿಗೆ ಅಂಚು ಕೂಡಿಸಿ, ಏನೇನು ಮಡಚಿ ಕಳಿಸಿದ್ದಳೋ. ಹರಿಯದೆ ಪತ್ರ ಕೆಳಗಿಟ್ಟಳು.

ಕಂಪ್ಯೂಟರಿನಲ್ಲಿ ಪತ್ರದ ನಮೂನೆ ತೆರೆದು ಪುಸ್ತಕದ ಹೆಸರಿನ ಸಾಲನ್ನು ಅಳಿಸಿದಳು. ‘ನೀವು ಪಡೆದ ಪುಸ್ತಕದ ವಾಯಿದೆ ಮೀರಿದೆ.’ ಅಷ್ಟು ಸಾಕು, ಯಾವುದೆಂದು ಒಯ್ದವರಿಗೆ ಗೊತ್ತಿರುತ್ತದೆ. ನಾಳೆ ಮೇಲಧಿಕಾರಿಗೂ ಇಷ್ಟೇ ಹೇಳಬಹುದು. ಮತ್ತೆ ಮೊದಲನೆಯ ಪತ್ರದಿಂದ ಅಚ್ಚು ಶುರುಮಾಡಿದಳು. ಹೊರಗೆ ಕಾರಿನ ಹಾರ್ನ್ ಒಮ್ಮೆ ಕೂಗಿತು, ಆಮೇಲೆ ಇಲ್ಲ.

ಎಲ್ಲ ಮುಗಿದಾಗ ಹನ್ನೊಂದೂವರೆ. ಹಳೆಯ ಹಾಳೆಗಳನ್ನು ಚೂರು ಚೂರು ಮಾಡಿದಳು. ಅಣ್ಣನಿಗೆ ಹೇಳುವಂತಿಲ್ಲ. ಅತ್ತಿಗೆಗೆ ‘ನನಗೆ ಗೊತ್ತು’ ಎಂದರೆ ಆಕೆ ಮತ್ತೆಂದೂ ಇಲ್ಲಿ ಕಾಲಿಡಲಾರಳು. ಯಾರಿಗೂ ಹೇಳುವುದಿಲ್ಲ ಎಂದುಕೊಂಡು ದೀಪ ಆರಿಸಿ, ಹೋಗಿ ಅಣ್ಣನ ಪಕ್ಕದಲ್ಲಿ ಕುಳಿತಳು.