ನಾಲ್ಕನೇ ಸರದಿಯ ಆಯ್ಕೆ

ಐಲಿ ಕಂಗಾಸ್‌ಗೆ ಫುಟ್‌ಬಾಲ್ ಗೊತ್ತಿಲ್ಲ ಎಂದು ಕಾಪರ್ ಬೆಂಡ್ ಊರಿನ ಒಂಬತ್ತು ಗಂಡಸರು ಹತ್ತೊಂಬತ್ತು ವರ್ಷದಿಂದ ನಂಬಿಕೊಂಡು ಬಂದಿದ್ದರು. ಹತ್ತನೆಯವನು ಅವಳ ಗಂಡ ವೇಡ್. ಅವನು ಈ ವಿಷಯವನ್ನು ಯೋಚಿಸಿಯೇ ಇರಲಿಲ್ಲ.

ಐಲಿ ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಲಾರಿ ಡ್ರೈವರ್. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವುದು, ಬೇಸಿಗೆಯಲ್ಲಿ ಜಲ್ಲಿ ಸುರಿಯುವುದು. ಬೆಳಗಿನ ಜಾವ ನಾಲ್ಕಕ್ಕೆ ಹತ್ತಿದರೆ ಇಳಿಯುವುದು ಮಧ್ಯಾಹ್ನ. ಅಷ್ಟು ಹೊತ್ತೂ ಅವಳಿಗೆ ಜೊತೆ ರೇಡಿಯೋ, ಅದರಲ್ಲಿ ಬೇರೆ ಮಾತೇ ಇಲ್ಲದಂತೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಬಗ್ಗೆ ಮಾತನಾಡುವ ಎರಡು ಸ್ಟೇಷನ್. ಯಾವ ತಂಡದ ಯಾರ ಮಂಡಿ ನೋಯುತ್ತಿದೆ, ಯಾವ ಕೋಚ್ ಯಾರ ಮೇಲೆ ಮುನಿಸಿಕೊಂಡಿದ್ದಾನೆ ಎಂಬುದೆಲ್ಲ ಅವಳಿಗೆ ತನ್ನ ಅಡುಗೆಮನೆಯ ಡಬ್ಬಿಗಳಷ್ಟೇ ಸಲೀಸಾಗಿ ಗೊತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ಆ ಹತ್ತು ಜನರ ಆಟ ಇಷ್ಟೇ. ಆಗಸ್ಟ್ ಕೊನೆಗೆ ಕೂತು, ದೇಶದ ದೊಡ್ಡ ತಂಡಗಳ ಅಸಲಿ ಆಟಗಾರರನ್ನು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತಾರೆ. ತಲೆಗೆ ಹದಿನೈದು. ಒಬ್ಬ ಹಿಡಿದವನನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಆಮೇಲೆ ಆ ಆಟಗಾರ ಮೈದಾನದಲ್ಲಿ ಚೆಂಡಿನೊಂದಿಗೆ ಎಷ್ಟು ಓಡುತ್ತಾನೋ, ಎಷ್ಟು ಹಿಡಿಯುತ್ತಾನೋ ಅಷ್ಟು ಅಂಕ ಅವನನ್ನು ಆರಿಸಿದವನಿಗೆ. ವಾರವಾರ ಇಬ್ಬಿಬ್ಬರ ಅಂಕ ಹೋಲಿಸಿ ಸೋಲು ಗೆಲುವು. ಡಿಸೆಂಬರ್ ಮುಗಿಯುವ ಹೊತ್ತಿಗೆ ಒಬ್ಬ ಗೆಲ್ಲುತ್ತಾನೆ, ಉಳಿದವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಜನವರಿಯ ಮೊದಲ ಭಾನುವಾರ ಮಧ್ಯಾಹ್ನ ಅಗ್ನಿಶಾಮಕ ದಳದ ಹಿಂದಿನ ಕೋಣೆಯಲ್ಲಿ ಊಟ. ಅಲ್ಲಿ ಗೆದ್ದವನು ಎದ್ದು ನಿಂತು ತನ್ನ ಹದಿನೈದು ಆಯ್ಕೆಗೂ ಕಾರಣ ಹೇಳಬೇಕು. ಹೇಳಿ ಮುಗಿಸಿದ ಮೇಲೆಯೇ ಕಪ್ ಕೈಗೆ.

ಈ ಸಲ ಗೆದ್ದವನು ವೇಡ್. ಹದಿನೆಂಟು ವರ್ಷ ಒಮ್ಮೆಯೂ ಗೆಲ್ಲದೆ, ಎರಡು ಸಲ ಕಟ್ಟಕಡೆಗೆ ಬಿದ್ದು, ಊರಿಗೆಲ್ಲ ನಗೆಪಾಟಲಾಗಿದ್ದ ವೇಡ್.

ನಿಜ ಹೇಳಬೇಕೆಂದರೆ ಗೆದ್ದವಳು ಐಲಿ.

ಆಗಸ್ಟಿನಲ್ಲಿ ಆಟಗಾರರನ್ನು ಆರಿಸುವ ದಿನವೇ ವೇಡ್‌ಗೆ ಪಿತ್ತಕೋಶದ ಆಪರೇಷನ್ ಬಿದ್ದಿತ್ತು. ಬರಲಾಗದವರು ಪಟ್ಟಿಯನ್ನು ಮೊದಲೇ ಕಂಪ್ಯೂಟರಿಗೆ ಹಾಕಿಟ್ಟರೆ, ಸರದಿ ಬಂದಾಗ ಪಟ್ಟಿಯಲ್ಲಿ ಮೇಲಿರುವ, ಯಾರೂ ಹಿಡಿಯದ ಹೆಸರನ್ನು ಅದೇ ಎತ್ತಿಕೊಳ್ಳುತ್ತದೆ. ವೇಡ್ ನೋಟ್‌ಬುಕ್ಕಿನಲ್ಲಿ ಬರೆದ ಪಟ್ಟಿಯನ್ನು ಹೆಂಡತಿಗೆ ಕೊಟ್ಟು, "ಹೀಗೇ ಹಾಕಿಬಿಡು, ತಲೆ ಉಪಯೋಗಿಸೋಕೆ ಹೋಗಬೇಡ" ಎಂದು ಹೇಳಿ ಒಳಗೆ ಹೋದ. ಆ ಮಾತೇ ಕೆಲಸ ಕೆಡಿಸಿತು. ಐಲಿ ಪಟ್ಟಿ ನೋಡಿದಳು. ಮೊದಲ ಹೆಸರು ರೋಲಂಡ್ ಎಂಬ ಓಟಗಾರನದು. ಅವನಿಗೆ ಮೂವತ್ತೊಂದು ತುಂಬಿತ್ತು, ಎರಡೂ ಮಂಡಿ ಹೋಗಿದ್ದವು. ಅವಳಿಗೆ ತಡೆಯಲಾಗಲಿಲ್ಲ. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎರಡು ಲೋಟ ಕಾಫಿ ಮುಗಿಯುವುದರೊಳಗೆ, ಪಟ್ಟಿಯನ್ನು ತಲೆಕೆಳಗು ಮಾಡಿದಳು.

ಒಂದು ಹೆಸರು ಮಾತ್ರ ಬಿಟ್ಟಳು. ನಾಲ್ಕನೇ ಸರದಿಗೆ ವೇಡ್ ಬರೆದದ್ದು ಗ್ರೇಡಿ ಹಾಲ್ವರ್ಸನ್ ಎಂಬ ಮುದಿ ಆಟಗಾರನನ್ನು. ಚೆಂಡು ಹಿಡಿಯುವುದರಲ್ಲಿ ಒಂದು ಕಾಲಕ್ಕೆ ಹೆಸರಾಗಿದ್ದವನು. ವೇಡ್‌ನ ಟೋಪಿಯ ಮೇಲೆ ಸಹಿ ಹಾಕಿಕೊಟ್ಟಿದ್ದವನು. ಇರಲಿ ಪಾಪ ಎಂದು ಅವಳು ಅದನ್ನು ಅಲ್ಲೇ ಬಿಟ್ಟಳು.

ಆಪರೇಷನ್ನಿನ ಮತ್ತು ಇಳಿದು ಎದ್ದ ವೇಡ್ ತಂಡವನ್ನು ನೋಡಿ, "ನಾನು ಹೀಗೆ ಬರೆದಿದ್ನಾ?" ಎಂದ.

"ಇನ್ಯಾರು ಬರೀತಾರೆ?" ಎಂದಳು ಐಲಿ.

ಮೂರನೇ ವಾರಕ್ಕೆ ಆ ತಂಡ ಎಲ್ಲರನ್ನೂ ಒರೆಸಿಹಾಕತೊಡಗಿತು. ಐದನೇ ವಾರಕ್ಕೆ ವೇಡ್ ಪೆಟ್ರೋಲ್ ಬಂಕಿನಲ್ಲಿ ನಿಂತು ತನ್ನ ದೂರದೃಷ್ಟಿಯ ಬಗ್ಗೆ ಭಾಷಣ ಮಾಡುತ್ತಿದ್ದ. ಐಲಿಗೆ ಒಳಗೊಳಗೇ ನಗು. ಲಾರಿಯಲ್ಲಿ ಒಬ್ಬಳೇ ಕೂತು ಆ ಗೆಲುವನ್ನು ಚಪ್ಪರಿಸುತ್ತಿದ್ದಳು. ಆದರೆ ನವೆಂಬರಿನಲ್ಲಿ ಹತ್ತು ಜನರಲ್ಲಿ ಒಬ್ಬ ಅರಿಜೋನಾಕ್ಕೆ ಮನೆ ಬದಲಿಸಿದ, ಜಾಗ ಖಾಲಿಯಾಯಿತು. ಆಗ ಅವಳಿಗೆ ನಗು ಸಾಕೆನಿಸಿತು. ಆ ಜಾಗ ಬೇಕು ಎನಿಸಿತು. ತನ್ನ ಹೆಸರಿನಲ್ಲಿ, ಎಲ್ಲರ ಎದುರು, ತಾನೇ ಬಾಯಿಬಿಟ್ಟು ಆರಿಸಬೇಕು. ಈ ಆಟದ ಅಧ್ಯಕ್ಷ ಬರ್ಟ್ ಟ್ರೆವಾರೋಗೆ ಚೀಟಿ ಬರೆದು ಕೊಟ್ಟಳು. ಗಣಿಯಲ್ಲಿ ಮೇಸ್ತ್ರಿಯಾಗಿ ನಿವೃತ್ತನಾದ ಎಪ್ಪತ್ತರ ಬರ್ಟ್, ಜನವರಿಯ ಊಟಕ್ಕೆ ಬಾ, ಕೈ ಎತ್ತಿಸಿ ತೀರ್ಮಾನ ಮಾಡೋಣ ಎಂದ.

ತಾನೇ ತಂಡ ಕಟ್ಟಿದ್ದು ಎಂದು ಹೇಳಿಬಿಟ್ಟರೆ ಜಾಗ ಸಲೀಸಾಗಿ ಸಿಗುತ್ತಿತ್ತು. ಆದರೆ ಆರನೇ ನಿಯಮ ಇತ್ತು. ಪಟ್ಟಿ ಬೇರೆಯವರು ಟೈಪ್ ಮಾಡಬಹುದು, ಬೇರೆಯವರು ಕಟ್ಟುವಂತಿಲ್ಲ. ಕಟ್ಟಿದರೆ ಗೆಲುವು ರದ್ದು, ಕಪ್ ಎರಡನೆಯವನಿಗೆ. ಎರಡನೆಯವನು ಡೀನೋ ಬೆಸ್ಸೋಲೋ. ಖಾಲಿ ಜಾಗಕ್ಕೆ ತನ್ನ ಅಳಿಯನನ್ನು ತರಬೇಕೆಂದು ಓಡಾಡುತ್ತಿದ್ದವನೂ ಅವನೇ. ಗಂಡನ ಹತ್ತೊಂಬತ್ತು ವರ್ಷದ ಆಸೆಯನ್ನು ಡೀನೋನ ಕೈಗೆ ಕೊಡುವಷ್ಟು ಕಲ್ಲುಮನಸ್ಸು ಐಲಿಗೆ ಇರಲಿಲ್ಲ. ಅದನ್ನು ಮುಟ್ಟದೆಯೇ ಗೆಲ್ಲುತ್ತೇನೆ ಎಂದುಕೊಂಡಳು. ಅವಳಿಗೆ ತನ್ನ ಮೇಲೆ ಅಷ್ಟು ಭರವಸೆ.

ಭಾನುವಾರ ಎಲ್ಲರೂ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿಗಳನ್ನು ಮುರಿಯುತ್ತಾ ಕೂತಿದ್ದರು. ವೇಡ್ ಎದ್ದು ನಿಂತ. ಹೊಸ ಅಂಗಿ, ಬಾಚಿದ ತಲೆ.

"ಮೊದಲನೇ ಸರದಿ, ಕೋರ್ಡೆಲ್ ಪ್ರಾಥರ್" ಎಂದ. "ಅವನ ತೊಡೆ ನೋಡಿದ್ದೀರಾ? ಓಟಗಾರನಿಗೆ ತೊಡೆ ಒಂದಿದ್ರೆ ಸಾಕು."

ಪ್ರಾಥರ್‌ನ ಮುಂದೆ ಅಡ್ಡ ನಿಂತು ದಾರಿ ಮಾಡಿಕೊಡುವ ಇಬ್ಬರು ದಡಿಯರು ಗಾಯದಿಂದ ವಾಪಸು ಬಂದಿದ್ದರು, ಅದಕ್ಕೇ ಐಲಿ ಅವನನ್ನು ಹಾಕಿದ್ದಳು. ಅವಳು ಪಾಸ್ಟಿಗೆ ಕೆಚಪ್ ಸುರಿದುಕೊಂಡಳು. ನಾಲ್ಕನೆಯದಕ್ಕೆ ಬಂದಾಗ ವೇಡ್, "ಹಾಲ್ವರ್ಸನ್ ಆಯ್ಕೆ ಸರಿಯಾಗೇ ಇತ್ತು. ಮೂರನೇ ವಾರಕ್ಕೆ ಕಾಲು ಮುರ್ಕೊಂಡ, ಅದು ಹಣೆಬರಹ" ಎಂದು ಬೇಗ ದಾಟಿದ.

"ಎಂಟನೆಯದು ಹೇಳಪ್ಪಾ" ಎಂದ ಡೀನೋ. "ಮೀಕಾ ಟುಯಿಲೋಮಾ. ಬೆಂಚು ಕಾಯ್ತಾ ಇದ್ದ ಹುಡುಗ. ಅವನ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ನಿನಗೆ ಹೇಗೆ ಹೊಳೀತು?"

"ಒಳಮನಸ್ಸು ಹೇಳ್ತು ಕಣೋ."

"ಪಿತ್ತಕೋಶ ಹೇಳಿರ್ಬೇಕು. ಹೋಗೋ ಮುಂಚೆ."

ಎಲ್ಲರೂ ನಕ್ಕರು, ವೇಡ್ ಕೂಡ. ಹದಿನೈದೂ ಮುಗಿದವು. ಬರ್ಟ್ ಕಪ್ಪನ್ನು ವೇಡ್‌ನ ಮುಂದೆ ಇಟ್ಟ. ವೇಡ್ ಅದರ ಹಿಡಿಯನ್ನು ಬೆರಳಲ್ಲಿ ಸವರಿದ. ಐಲಿಗೆ ಸಂತೋಷವಾಯಿತು, ಸ್ವಲ್ಪ ಉರಿದೂ ಹೋಯಿತು.

"ಈಗ ಖಾಲಿ ಜಾಗದ ವಿಚಾರ" ಎಂದ ಬರ್ಟ್. "ಐಲಿ, ಏನು ಹೇಳ್ತೀಯಮ್ಮಾ?"

ಡೀನೋ ಅವಳಿಗಿಂತ ಮೊದಲೇ ಬಾಯಿ ಹಾಕಿದ. "ಬೇಜಾರು ಮಾಡ್ಕೋಬೇಡ ತಾಯೀ. ಪಾಸ್ಟಿ ಮಾಡು ಅಂದ್ರೆ ನಿನ್ನ ಬಿಟ್ರಿಲ್ಲ. ಇದು ಬೇರೆ ಕಸುಬು."

"ಪಾಸ್ಟಿ ನಾನು ಮಾಡಿದ್ದಲ್ಲ, ಚರ್ಚಿನಿಂದ ತಂದಿದ್ದು" ಎಂದಳು ಐಲಿ. "ಕಸುಬಿನ ವಿಷಯಕ್ಕೆ ಬಾ. ಇಲ್ಲಿರೋರ ಯಾವ ಆಯ್ಕೆ ಬೇಕಾದ್ರೂ ಕೇಳು. ಎಲ್ಲಿ ತಪ್ಪಿದ್ರಿ ಅಂತ ಹೇಳ್ತೀನಿ."

"ನಂದು ಹೇಳು" ಎಂದ ಬರ್ಟ್, ಕುತೂಹಲದಿಂದ.

"ಬರ್ಟ್, ನೀವು ಎರಡು, ಮೂರು, ಐದನೇ ಸರದಿಯಲ್ಲಿ ಒಂದೇ ತಂಡದವರನ್ನ ಹಿಡಿದ್ರಿ. ಆ ತಂಡಕ್ಕೆ ಒಂಬತ್ತನೇ ವಾರ ಪಂದ್ಯ ಇಲ್ಲ ಅಂತ ಮೇ ತಿಂಗಳಲ್ಲೇ ಗೊತ್ತಿತ್ತು. ಮೂವರೂ ಒಟ್ಟಿಗೆ ರಜೆ ಹೋದ್ರು. ಆ ವಾರ ನಿಮ್ಮನ್ನ ಸೋಲಿಸಿದ್ದು ಪಟ್ಟಿಯ ಕಟ್ಟಕಡೆಯವನ ತಂಡ."

ಬರ್ಟ್ ತನ್ನ ಬಿಳಿ ಗಡ್ಡ ಕೆರೆದುಕೊಂಡ. "ಅದನ್ನ ಯಾರೂ ಗಮನಿಸಿಲ್ಲ ಅಂದ್ಕೊಂಡಿದ್ದೆ" ಎಂದ.

"ಡೀನೋ, ನೀನು ಆರನೇ ಸರದಿಯಲ್ಲೇ ಕಿಕ್ಕರ್ ತಗೊಂಡೆ. ಚೆಂಡು ಒದೆಯೋನು ಹದಿನೈದನೇ ಸರದಿಗೂ ಸಿಗ್ತಾನೆ. ಹೋದ ವರ್ಷ ಎಲ್ಲಿಂದಲೋ ಒದ್ದು ಗೋಲ್ ಮಾಡಿದ ಅಂತ ಮರುಳಾದೆ. ಈ ವರ್ಷ ಅವನ ತಂಡ ಅವನು ಒದೆಯೋ ಅಷ್ಟು ಹತ್ತಿರಕ್ಕೆ ಚೆಂಡನ್ನ ತಂದೇ ಇಲ್ಲ. ಏಳನೆಯದು ಇನ್ನೂ ಚೆಂದ. ನಿನಗೆ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದ, ವಾರಕ್ಕೆ ಆಡಿಸೋಕೆ ಒಬ್ಬನೇ ಸಾಕು. ಬರ್ಟ್‌ಗೆ ಸಿಗಬಾರದು ಅಂತ ಇನ್ನೊಬ್ಬನ್ನ ಹಿಡ್ಕೊಂಡೆ. ಆ ಎರಡು ಸರದಿ ಸರಿಯಾಗಿ ಬಳಸಿದ್ರೆ ಕಪ್ ಇವತ್ತು ನಿನ್ನ ಮುಂದೆ ಇರ್ತಿತ್ತು."

ಕೋಣೆಯಲ್ಲಿ ಹೋ ಎಂದು ಗದ್ದಲವಾಯಿತು. ಮೇಜಿನ ಆ ತುದಿಯವರು ತಮ್ಮದನ್ನೂ ಕೇಳಿದರು, ವಾರವಾರ ಕಂಪ್ಯೂಟರಿನಲ್ಲಿ ಎಲ್ಲರ ತಂಡ ನೋಡಿಟ್ಟಿದ್ದ ಅವಳು ಅವರದ್ದನ್ನೂ ಹೇಳಿದಳು, ಒಂದು ಚೀಟಿ ನೋಡದೆ. ಹಿಮ ತಳ್ಳುವಾಗಿನ ಹಾಗೆಯೇ, ಅವಸರವಿಲ್ಲದೆ, ಒಂದು ಬದಿಯಿಂದ ಇನ್ನೊಂದು ಬದಿಗೆ. ಇಷ್ಟು ವರ್ಷದ ಮೇಲೆ ತನ್ನ ದನಿಯನ್ನು ತಾನೇ ಕೇಳುವುದು ಅವಳಿಗೆ ಹಿತವೆನಿಸಿತು.

ಡೀನೋ ಕೆಂಪಗಾಗಿದ್ದ. "ಎಲ್ಲರ ಕಾಲೂ ಎಳೆದೆ. ಗಂಡನದ್ದು ಮಾತ್ರ ಬಿಟ್ಟೆ. ಅವನ ತಂಡದಲ್ಲಿ ತಪ್ಪೇ ಇಲ್ವೋ, ಅಥವಾ ಮನೇಲಿ ಊಟ ಸಿಗಲ್ಲ ಅಂತಲೋ?"

"ನ್ಯಾಯವಾದ ಪ್ರಶ್ನೆ" ಎಂದ ಬರ್ಟ್. "ಅದಕ್ಕೂ ಉತ್ತರ ಹೇಳಿಬಿಡು. ಆಮೇಲೆ ಕೈ ಎತ್ತಿಸ್ತೀನಿ."

ಐಲಿ ಗಂಡನನ್ನು ನೋಡಿದಳು. ತಪ್ಪಿಲ್ಲ ಎಂದರೆ ಗಂಡನನ್ನು ವಹಿಸಿಕೊಂಡ ಹೆಂಡತಿಯಾಗುತ್ತಾಳೆ, ಜಾಗ ಡೀನೋನ ಅಳಿಯನಿಗೆ ಹೋಗುತ್ತದೆ. ಹದಿನೈದು ಹೆಸರನ್ನೂ ಮನಸ್ಸಿನಲ್ಲೇ ಇನ್ನೊಮ್ಮೆ ಓಡಿಸಿದಳು. ತನ್ನ ಹದಿನಾಲ್ಕನ್ನೂ ಬೇರೆಯವರದ್ದೆಂದೇ ತಿಳಿದು ತೂಗಿದಳು, ರಿಯಾಯಿತಿ ಕೊಡದೆ. ಒಂದೆರಡು ಸಾಧಾರಣ ಇದ್ದವು. ತಪ್ಪು ಎನ್ನುವಂಥದ್ದು ಒಂದೇ.

"ನಾಲ್ಕನೇ ಸರದಿ" ಎಂದಳು. "ಹಾಲ್ವರ್ಸನ್. ಅದು ಹಣೆಬರಹ ಅಲ್ಲ. ಜುಲೈನಿಂದಲೇ ಕುಂಟ್ತಾ ಇದ್ದ. ಅವನನ್ನ ತಗೊಂಡಿದ್ದು ತಲೆಯಿಂದಲ್ಲ, ಪ್ರೀತಿಯಿಂದ."

ಮೇಜಿನ ಸುತ್ತ ಮತ್ತೆ ನಗು ಎದ್ದಿತು. ವೇಡ್ ನಗಲಿಲ್ಲ. ಕಪ್ಪಿನ ಮೇಲಿಂದ ಕೈ ತೆಗೆದ. ಅವನ ಕಿವಿ ಕೆಂಪಾಗಿತ್ತು.

"ಹದಿನೈದರಲ್ಲಿ ನಂದು ಅಂತ ಇದ್ದಿದ್ದು ಅದೊಂದೇ ಕಣೆ" ಎಂದ.

ನಗು ನಿಂತಿತು. ಐಲಿ ಕೈಯಲ್ಲಿದ್ದ ಪಾಸ್ಟಿಯನ್ನು ಕೆಳಗಿಟ್ಟಳು. ಅವನಿಗೆ ಗೊತ್ತಿತ್ತು.

"ಏನು ಹೇಳ್ತಿದ್ದೀಯೋ?" ಎಂದ ಬರ್ಟ್.

"ತಂಡ ಕಟ್ಟಿದ್ದು ಇವಳು. ನಾನು ಬರೆದುಕೊಟ್ಟಿದ್ರಲ್ಲಿ ಹಾಲ್ವರ್ಸನ್ ಒಬ್ಬನನ್ನ ಇಟ್ಕೊಂಡು ಉಳಿದಿದ್ದೆಲ್ಲ ಬದಲಾಯಿಸಿದ್ದಾಳೆ." ವೇಡ್ ಕಪ್ಪನ್ನು ಎತ್ತಿ ಡೀನೋನ ಮುಂದೆ ಇಟ್ಟ. "ಆರನೇ ನಿಯಮ ಓದೋದು ಬೇಡ. ಬರೆಸಿದ್ದೇ ನಾನು."

ಬೇರೆಯವನಾಗಿದ್ದರೆ ಬೇಡ ಎನ್ನುತ್ತಿದ್ದನೇನೋ. ಡೀನೋ ಎರಡೂ ಕೈಯಲ್ಲಿ ಕಪ್ಪನ್ನು ತಬ್ಬಿಕೊಂಡ. ಬರ್ಟ್ ಗಂಟಲು ಸರಿಪಡಿಸಿಕೊಂಡು "ಖಾಲಿ ಜಾಗಕ್ಕೆ ಐಲಿ ಕಂಗಾಸ್ ಆಗಲಿ ಅನ್ನೋರು..." ಎಂದು ಶುರು ಮಾಡುವಷ್ಟರಲ್ಲಿ ವೇಡ್‌ನ ಕೈ ಮೇಲಿತ್ತು. ಉಳಿದ ಕೈಗಳೂ ಒಂದೊಂದಾಗಿ ಎದ್ದವು. ಡೀನೋ ಕಪ್ ಬಿಡಲಾರದೆ ಕೈಯ ಬದಲು ಗದ್ದ ಎತ್ತಿದ. ಅದನ್ನೂ ಬರ್ಟ್ ಲೆಕ್ಕಕ್ಕೆ ಸೇರಿಸಿಕೊಂಡ.

ಮನೆಗೆ ಪಿಕಪ್ ಓಡಿಸಿದ್ದು ಐಲಿಯೇ. ಹಿಮದ ರಸ್ತೆಯಲ್ಲಿ ಇವರ ಮನೆಯ ಪದ್ಧತಿ ಅದು.

"ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು.

"ಅಕ್ಟೋಬರ್‌ನಲ್ಲಿ. ಈ ಸೀಟಿನ ಕೆಳಗೆ ನನ್ನ ನೋಟ್‌ಬುಕ್ ಸಿಕ್ತು. ಮೊದಲನೇ ಹೆಸರೇ ರೋಲಂಡ್."

"ಯಾಕೆ ಹೇಳ್ಲಿಲ್ಲ?"

"ಗೆಲ್ತಾ ಇದ್ದೆ ಕಣೆ. ಯಾವಾಗ ಎಲ್ಲರ ಮುಂದೆ ಹೇಳಿಬಿಡ್ತೀಯೋ ಅಂತ ಪ್ರತಿ ವಾರ ಕಾಯ್ತಿದ್ದೆ. ಇವತ್ತೂ ಹೇಳ್ಲಿಲ್ಲ ನೀನು. ಪೂರ್ತಿ ನಿನ್ನದನ್ನ ಬಿಟ್ಟುಕೊಟ್ಟು, ನನ್ನ ಒಂದನ್ನ ಮಾತ್ರ ಹೀನಾಯ ಮಾಡಿದೆ."

"ನಿನಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ನೋವಾಯ್ತಾ?"

"ಆಯ್ತು."

"ನನಗೂ ಆಯ್ತು. ಆದ್ರೆ ಜಾಗ ಸಿಕ್ಕಿದ್ದು ಖುಷಿ ಆಗಿದೆ ವೇಡ್. ಸುಳ್ಳು ಹೇಳಲ್ಲ."

"ನೀನು ಮಾತಾಡ್ತಾ ಇದ್ದಾಗ ನನಗೂ ಖುಷಿ ಆಯ್ತು" ಎಂದ ವೇಡ್. "ಡೀನೋನ ಮುಖ ನೋಡಿದ್ಯಾ?"

ಅವಳು ತಲೆಯಾಡಿಸಿದಳು. ಕಿರಾಣಿ ಅಂಗಡಿಯ ತಿರುವು ಕಳೆಯಿತು. ವೇಡ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಹಾಲ್ವರ್ಸನ್ ಬಿಟ್ಟು ನಾಲ್ಕನೆಯದಕ್ಕೆ ಯಾರನ್ನ ತಗೋಬೇಕಿತ್ತು? ಅದೊಂದು ಹೇಳು, ಸಾಕು."

ಐಲಿಗೆ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಇಪ್ಪತ್ತಮೂರು ವಯಸ್ಸಿನವನು, ಮುಂದಿನ ವರ್ಷ ಇನ್ನೂ ಚೆನ್ನಾಗಿ ಆಡುವವನು. ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

"ಹೇಳಲ್ಲ" ಎಂದಳು. "ಇನ್ಮೇಲೆ ನೀನು ನನ್ನ ಎದುರಾಳಿ."