ಆರು ಬೆಲ್ಟುಗಳ ಸರಾಸರಿ

ಯಂತ್ರ ಆರನೆಯ ಬೆಲ್ಟನ್ನು ಎಳೆಯತೊಡಗಿತು. ಮೊದಲು ಹೊಲಿಗೆ ಬಿರಿಯಿತು, ಆಮೇಲೆ ಪಟ್ಟಿಯ ಅಂಚಿನ ನೂಲುಗಳು ಒಂದೊಂದಾಗಿ ಎದ್ದವು, ಕೊನೆಗೆ ದೊಡ್ಡ ಸದ್ದಿನೊಂದಿಗೆ ಬೆಲ್ಟು ಎರಡು ತುಂಡಾಯಿತು. ಗಾಜಿನ ಆಚೆ ನಿಂತಿದ್ದವನು ಹೌಹಾರಿ ಒಂದು ಹೆಜ್ಜೆ ಹಿಂದೆ ಸರಿದ.

"ಹದಿನೇಳು ಕಿಲೋನ್ಯೂಟನ್," ಎನ್ನುತ್ತ ಪರೀಕ್ಷಕಿ ಪುಸ್ತಕದಲ್ಲಿ ಬರೆದುಕೊಂಡಳು.

"ಹೊಸಾ ಬೆಲ್ಟುಗಳನ್ನ ಹಿಂಗೆ ಹರಿದು ಹಾಕ್ತೀರಲ್ಲ ಅಕ್ಕಾ, ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗೋಡೆಹಲ್ಲಿ ಎಂದು. ಎತ್ತರದ ಕಟ್ಟಡಗಳ ಹೊರಗೆ ಹಗ್ಗಕ್ಕೆ ಜೋತುಬಿದ್ದು ಕಿಟಕಿ ಒರೆಸುವ ಐದು ಜನರ ತಂಡಕ್ಕೆ ಅವನೇ ಮುಂದಾಳು. ಕಂಪನಿಯವರು ಐನೂರು ಹೊಸ ಸುರಕ್ಷಾ ಬೆಲ್ಟು ತರಿಸಿ, ಅವುಗಳಲ್ಲಿ ಆರನ್ನು ಅವನ ಕೈಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದ್ದರು. ವರದಿ ಬರುವ ತನಕ ಐವರ ಸೊಂಟದಲ್ಲೂ ಹಳೆಯ ಬೆಲ್ಟೇ. ಪ್ರತಿಯೊಂದರ ತಗಡಿನ ಬಿಲ್ಲೆಯ ಮೇಲೂ 212 ಎಂಬ ವರದಿಯ ಸಂಖ್ಯೆ, ಪಕ್ಕದಲ್ಲಿ ಪರೀಕ್ಷಕಿಯದೇ ಪುಟ್ಟ ಸಹಿ.

"ಆರನ್ನ ಹರಿದು ಉಳಿದವಕ್ಕೆಲ್ಲ ಹೆಂಗಕ್ಕಾ ಸರ್ಟಿಫಿಕೇಟ್ ಕೊಡ್ತೀರಿ?"

"ಅನ್ನ ಬೆಂದಿದೆಯಾ ಅಂತ ಎಲ್ಲಾ ಅಗುಳೂ ಹಿಚುಕಿ ನೋಡ್ತಾರಾ? ಐನೂರನ್ನೂ ಹರಿದ್ರೆ ನೀವು ಏನು ಕಟ್ಕೋತೀರಿ?"

"ಒಂದೇ ಪಾತ್ರೇಲಿ ಬೆಂದಿದ್ರೆ ಸರಿ." ಅವನು ಪುಸ್ತಕದ ಮೇಲೆ ಬಗ್ಗಿದ. "ಇಲ್ಲಿ ಒಂದಗುಳು ಹದಿನಾಲ್ಕಕ್ಕೆ ಹರಿದಿದೆ, ಇನ್ನೊಂದು ಹತ್ತೊಂಬತ್ತಕ್ಕೆ. ನಾನು ಕಟ್ಕೊಳ್ಳೋದು ಸರಾಸರಿ ಬೆಲ್ಟಲ್ಲ ಅಕ್ಕಾ. ಒಂದು ಬೆಲ್ಟು."

ಮಾತು ಅವಳಿಗೆ ಚುಚ್ಚಿತು. ತನ್ನ ಕೆಲಸ ಬರೀ ಹರಿಯುವುದಲ್ಲ ಎಂದು ತೋರಿಸಬೇಕೆನಿಸಿತು.

"ಕೇಳಿ. 14.1, 15, 16, 17, 17.8, 19.1. ಸರಾಸರಿ ಹದಿನಾರೂವರೆ. ಆದ್ರೆ ಇದು ಈ ಆರರ ಸರಾಸರಿ. ಬೇರೆ ಆರು ತಂದಿದ್ರೆ ಬೇರೆ ಬರ್ತಿತ್ತು. ಅದಕ್ಕೇ ಒಂದೇ ಸಂಖ್ಯೆ ಹೇಳಲ್ಲ, ಐನೂರರ ಸರಾಸರಿ ಇಲ್ಲಿಂದ ಇಲ್ಲಿವರೆಗೆ ಇರಬಹುದು ಅಂತ ಹೇಳ್ತೀವಿ. ವಿಶ್ವಾಸ ವ್ಯಾಪ್ತಿ ಅಂತಾರೆ. ಅದರ ಕೆಳತುದಿ ಹದಿನೈದಕ್ಕಿಂತ ಮೇಲಿದ್ರೆ ಪಾಸು."

"ಆ ಇಲ್ಲಿಂದ ಇಲ್ಲಿವರೆಗೆ ಅನ್ನೋದನ್ನ ಅಳೆಯೋರ್ಯಾರು?"

"ಲೆಕ್ಕ ಇದೆ." ಅವಳು ಬರೆಯುತ್ತ ಹೋದಳು. ಸರಾಸರಿಯ ಸುತ್ತ ಸಂಖ್ಯೆಗಳ ಚದುರುವಿಕೆ 1.84. ಅದನ್ನು ಆರರ ವರ್ಗಮೂಲದಿಂದ ಭಾಗಿಸಿದರೆ 0.75. ಮೇಜಿನ ಗಾಜಿನ ಕೆಳಗೆ ಹಳದಿಗಟ್ಟಿದ ಒಂದು ಚೀಟಿಯಿತ್ತು: 'ಗುಣಿಸು 1.96'. ಗುಣಿಸಿದಳು. 1.47. ಹದಿನಾರೂವರೆಯಿಂದ ಕಳೆದರೆ 15.03.

"ಪಾಸು. ಕೂದಲೆಳೆಯಲ್ಲಿ."

"ಆ 1.96 ಎಲ್ಲಿಂದ ಬಂತು?"

ನಾಲ್ಕು ವರ್ಷದಿಂದ ಅವಳು ಚೀಟಿ ನೋಡಿ ಗುಣಿಸುತ್ತಿದ್ದಳು, ಅಷ್ಟೆ. ಕಪಾಟಿನಿಂದ ಕಾಲೇಜಿನ ಪುಸ್ತಕ ತೆಗೆದು, ಇವನಿಗೆ ತೋರಿಸಿಯೇ ಬಿಡೋಣವೆಂದು ಪುಟ ತಿರುವಿದಳು. ಓದುತ್ತ ಓದುತ್ತ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

ಮಾದರಿ ದೊಡ್ಡದಾಗಿದ್ದರೆ ಮಾತ್ರ 1.96. ಚಿಕ್ಕದಾಗಿದ್ದರೆ ಚದುರುವಿಕೆಯ ಅಂದಾಜನ್ನೂ ನೆಚ್ಚಲಾಗದು, ಆದ್ದರಿಂದ ದೊಡ್ಡ ಸಂಖ್ಯೆಯಿಂದ ಗುಣಿಸಬೇಕು. ಆರು ಮಾದರಿಗೆ 2.57. ಹಾಗೆ ಗುಣಿಸಿದಳು: 1.93. ಕಳೆದಳು: 14.57.

"ಏನಾಯ್ತಕ್ಕಾ?"

"ಏನಿಲ್ಲ. ವರದಿ ನಾಳೆ ಕೊಡ್ತೀನಿ."

ಅವನು ಹೊರಟುಹೋದ. ಹೊಸ ಬೆಲ್ಟುಗಳ ಮಟ್ಟಿಗೆ ಈ ವರದಿ ತಡೆದರೆ ಸಾಕಿತ್ತು. ಆದರೆ ಇದೇ ಕೈಯಿಂದ ಇದೇ ಚೀಟಿ ನೋಡಿ ಗುಣಿಸಿದ ನಲವತ್ತೊಂದು ವರದಿಗಳು ದಾಖಲೆ ಕೋಣೆಯಲ್ಲಿದ್ದವು.

ಮಧ್ಯಾಹ್ನದ ಹೊತ್ತಿಗೆ ಅಷ್ಟನ್ನೂ ಮತ್ತೆ ಲೆಕ್ಕ ಹಾಕಿದಳು. ಏಳು ವರದಿಗಳಲ್ಲಿ ಕೆಳತುದಿ ಹದಿನೈದರ ಕೆಳಗಿಳಿಯಿತು. ಅವುಗಳಲ್ಲಿ ಒಂದು 212.

ಚೀಟಿ ಬರೆದವರು ಹಿರಿಯ ಪರೀಕ್ಷಕರು. ಅಲ್ಲಿನ ಎಲ್ಲರಿಗೂ ಕೆಲಸ ಕಲಿಸಿದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ನಿವೃತ್ತಿಗೆ ಎರಡೇ ತಿಂಗಳಿತ್ತು. ಅವಳ ಹಾಳೆಗಳನ್ನು ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ನಲವತ್ತು ಬೆಲ್ಟು ಹರೀತಿದ್ದ ಕಾಲದಲ್ಲಿ ಬರ್ದಿದ್ದು ಕಣಮ್ಮ ಅದು. ಆಗ ಸರಿಯಿತ್ತು. ಆಮೇಲೆ ಕಂಪನಿಗಳು ಅಷ್ಟೊಂದು ಬೆಲ್ಟು ಹಾಳು ಮಾಡ್ತೀರಿ ಅಂತ ಕೂಗಾಡಿದವು. ಆರಕ್ಕೆ ಇಳಿಸಿದ್ವಿ. ಚೀಟಿ ಹಾಗೇ ಉಳೀತು."

"ಏಳು ವರದಿ ತಪ್ಪು, ಮೇಷ್ಟ್ರೇ."

"ಯಾರಾದ್ರೂ ಬಿದ್ದಿದಾರಾ?"

"ಗೊತ್ತಿರೋ ಹಾಗೆ ಇಲ್ಲ."

"ಮತ್ತೆ? ಆ ಬೆಲ್ಟುಗಳು ಕೆಟ್ಟವು ಅಂತ ನಿನ್ನ ಹೊಸ ಲೆಕ್ಕ ಹೇಳುತ್ತಾ?"

"ಇಲ್ಲ. ಒಳ್ಳೆಯವು ಅಂತ ಹೇಳೋಕೆ ನಮ್ಮ ಹತ್ರ ಆಧಾರ ಇಲ್ಲ ಅಂತ ಹೇಳುತ್ತೆ."

"ಎರಡೂ ಬೇರೆ ತಾನೆ? ನಾಳೆಯಿಂದ ಸರಿಯಾಗಿ ಗುಣಿಸು. ಹಳೇದನ್ನ ಕೆದಕಿದ್ರೆ ಪ್ರಯೋಗಾಲಯದ ಮರ್ಯಾದೆ ಹೋಗುತ್ತೆ, ಮೊದಲು ನಿನ್ನ ಕೆಲಸ ಹೋಗುತ್ತೆ. ಏಳರಲ್ಲೂ ನಿನ್ನದೇ ಸಹಿ. ನನ್ನದಲ್ಲ." ಇದನ್ನು ಬೆದರಿಕೆಯಂತೆ ಹೇಳಲಿಲ್ಲ. ಮಗಳಿಗೆ ಹೇಳುವಂತೆ ಹೇಳಿದರು, ಅದೇ ಕಷ್ಟವಾಗಿತ್ತು.

ಕೆಲಸ ಹೋದರೆ ಮನೆಯಲ್ಲಿ ತಮ್ಮನ ಓದು ನಿಲ್ಲುತ್ತಿತ್ತು. ಅದು ಮೇಷ್ಟ್ರಿಗೂ ಗೊತ್ತು.

"ಬಿಲ್ಲೆ ನೋಡಿ ಕಟ್ಕೋತಾರೆ ಮೇಷ್ಟ್ರೇ ಅವರು," ಎಂದಳು. "ನನ್ನ ಸಹಿ ನೋಡಿ."

ತನ್ನ ಮೇಜಿಗೆ ಬಂದು ಏಳು ಪತ್ರ ಬರೆದಳು. ಎಲ್ಲದರಲ್ಲೂ ಒಂದೇ ಒಕ್ಕಣೆ: 'ಚಿಕ್ಕ ಮಾದರಿಗೆ ತಪ್ಪು ಸಂಖ್ಯೆ ಬಳಸಿದ್ದೇನೆ. ಈ ಬೆಲ್ಟುಗಳು ಸುರಕ್ಷಿತವೆಂಬ ನನ್ನ ವರದಿಯನ್ನು ಹಿಂತೆಗೆದುಕೊಂಡಿದ್ದೇನೆ. ಮರುಪರೀಕ್ಷೆಯಾಗುವ ತನಕ ಯಾರೂ ಬಳಸಬಾರದು.' ಏಳಕ್ಕೂ ಸಹಿ ಹಾಕಿದಳು.

ಮೇಷ್ಟ್ರು ಬಂದು ಹಿಂದೆ ನಿಂತಿದ್ದುದು ಅವಳಿಗೆ ತಿಳಿಯಲಿಲ್ಲ. ಅವರು ಮೇಜಿನ ಗಾಜನ್ನು ಎತ್ತಿ, ಅಂಟಿಕೊಂಡಿದ್ದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಅದನ್ನು ಬುಟ್ಟಿಗೆ ಹಾಕಲಿಲ್ಲ, ಜೇಬಿಗಿಟ್ಟುಕೊಂಡರು. ಆಮೇಲೆ ಕುರ್ಚಿ ಎಳೆದು ಕೂತು, ಏಳೂ ಪತ್ರಗಳಲ್ಲಿ ಅವಳ ಸಹಿಯ ಮೇಲೆ ಒಂದು ಸಾಲು ಸೇರಿಸಿದರು: 'ತಪ್ಪು ಸಂಖ್ಯೆ ಕಲಿಸಿದವನು ನಾನು.' ಸಹಿ ಹಾಕಿದರು.

"ಅಂಚೆ ತಲುಪೋಕೆ ಮೂರು ದಿನ," ಎಂದರು ಪೆನ್ನು ಮುಚ್ಚುತ್ತ. "ಎಲ್ಲರಿಗೂ ಫೋನ್ ಮಾಡ್ತೀನಿ. ಬೆಳಿಗ್ಗೆ 212ರ ಬೆಲ್ಟು ಕಟ್ಕೊಂಡು ಬಂದಿದ್ನಲ್ಲ, ಆ ಮನುಷ್ಯ ಎಲ್ಲಿ ಕೆಲಸ ಮಾಡ್ತಿದಾನೆ?"

ಬೆಲ್ಟು ತಂದಾಗ ರಸೀತಿಯಲ್ಲಿ ಅವನೇ ಬರೆದಿದ್ದ ವಿಳಾಸಕ್ಕೆ ಅವಳು ಹೋದಾಗ ಸಂಜೆ ನಾಲ್ಕೂವರೆ. ಹನ್ನೆರಡು ಮಹಡಿಯ ಗಾಜಿನ ಕಟ್ಟಡ. ಎಂಟನೆಯ ಮಹಡಿಯ ಹೊರಗೆ ಐದು ಆಕೃತಿಗಳು ನೇತಾಡುತ್ತಿದ್ದವು. ಕೂಗಬೇಕೆಂದು ಬಾಯಿ ತೆರೆದವಳು ತಡೆದುಕೊಂಡಳು. ಬೆಚ್ಚಿಬಿದ್ದರೆ? ಕಾವಲುಗಾರನ ಮೂಲಕ ಮೇಲೆ ಹೇಳಿ ಕಳಿಸಿ, ಕತ್ತು ನೋಯುವಂತೆ ಮೇಲೆ ನೋಡುತ್ತ ನಿಂತಳು.

ಮೊದಲು ಗೋಡೆಹಲ್ಲಿ ಇಳಿದ. ಕೈಯೊರೆಸಿಕೊಳ್ಳುತ್ತ ಬಂದ.

"ಏನಕ್ಕಾ, ಮನೆಬಾಗಿಲಿಗೇ ಸರ್ಟಿಫಿಕೇಟ್ ತಂದುಬಿಟ್ರಾ? ಪಾಸೋ ಫೇಲೋ?"

"ಹೊಸವು ಫೇಲು. ನೀವು ಕಟ್ಟಿರೋದು ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನಿಮ್ಮದೇ ಸಹಿ ಇದೆಯಲ್ಲ."

"ಲೆಕ್ಕ ತಪ್ಪಾಗಿ ಮಾಡಿದ್ದೆ. ಬೆಳಿಗ್ಗೆ ನೀವು ಕೇಳಿದ್ರಲ್ಲ, ಆ 1.96. ತಪ್ಪು ಅದೇ."

ಅವನು ನಗಲಿಲ್ಲ. ಬಿಲ್ಲೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. "ಎರಡು ವರ್ಷದಿಂದ ಕಟ್ತಿದೀನಿ," ಎಂದ. ಬಕ್ಕಲು ತೆಗೆದು ಬೆಲ್ಟನ್ನು ಅವಳ ಕೈಗೆ ಕೊಟ್ಟ. ಅದು ಇನ್ನೂ ಮೈಯ ಬಿಸಿಗೆ ಬೆಚ್ಚಗಿತ್ತು.

ಆಮೇಲೆ ತಲೆಯೆತ್ತಿ, ಬೆರಳು ಬಾಯಿಗಿಟ್ಟು ನಿಧಾನವಾಗಿ ಒಂದು ಸಿಳ್ಳೆ ಹಾಕಿದ. ಮೇಲಿನ ನಾಲ್ವರು ಒಬ್ಬರಾದ ಮೇಲೆ ಒಬ್ಬರಂತೆ ಇಳಿಯತೊಡಗಿದರು. ಎರಡು, ಮೂರು, ನಾಲ್ಕು. ಅವಳು ಎಣಿಸುತ್ತ ನಿಂತಳು. ಐದನೆಯವನ ಕಾಲು ನೆಲಕ್ಕೆ ತಾಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ.