ಸಾಹೇಬರು ಸುರಿಸಿದ ಮಳೆ

"ಥೂ, ಮುದಿಮುಂಡೇ! ಆ ಡಬ್ಬಕ್ಕೆ ಒಂದು ಚೊಂಬು ನೀರು ಹುಯ್ಯಿ ಅಂದ್ರೆ ನನ್ನ ಮುಖ ಏನ್ ನೋಡ್ತಿದ್ದೀಯ?"

ಸಾಹೇಬ ಬಾಯಿ ಮುಕ್ಕಳಿಸಿ, ಮಳೆ ಅಳೆಯುವ ಡಬ್ಬದ ಬುಡಕ್ಕೇ ಉಗಿದ. ಕಚೇರಿಯ ಕಸ ಗುಡಿಸುವವಳು ಪೊರಕೆ ಹಿಡಿದು ಆ ಎಂಜಲನ್ನೇ ನೋಡಿದಳು. ಅವನು ಉಗಿದಷ್ಟು ಒಳ್ಳೆಯ ನೀರು ಅವಳ ಕೇರಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ.

ಮಳೆ ಅಳೆಯುವುದು ಗುಮಾಸ್ತನ ಕೆಲಸ. ಆ ಮಹಾನುಭಾವ ಹತ್ತು ಗಂಟೆಗೆ ಮುಂಚೆ ಬಂದವನಲ್ಲ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಡಬ್ಬ ತೆಗೆದು, ಒಳಗಿನ ಬಾಟಲಿಯನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿ ಗೆರೆ ಎಣಿಸುತ್ತಿದ್ದವಳು ಇವಳೇ. ಊರೆಲ್ಲ ಮಳೆಯಕ್ಕ ಎಂದು ಆಡಿಕೊಳ್ಳುತ್ತಿತ್ತು. ಮೊದಮೊದಲು ಮೂರು ವರ್ಷಕ್ಕೊಂದು ಬರ. ಆಮೇಲೆ ವರ್ಷ ಬಿಟ್ಟು ವರ್ಷ. ಈಗ ಐದು ವರ್ಷದಿಂದ ಅದು ಮನೆಅಳಿಯನ ಹಾಗೆ ಕೂತೇಬಿಟ್ಟಿತ್ತು. ಗ್ಲಾಸಿನಲ್ಲಿ ಧೂಳು, ಸಾಹೇಬ ಬರೆಸುವ ಪುಸ್ತಕದಲ್ಲಿ ಮಾತ್ರ ಮಳೆ. ಬರ ಎಂದು ಬರೆದರೆ ಕೇರಿಗೆ ನೀರಿನ ಟ್ಯಾಂಕರ್ ಕಳಿಸಬೇಕು, ಅದರ ಹಿಂದೆ ಸಾಹೇಬ ಓಡಾಡಬೇಕು. ಇವತ್ತು ಡಬ್ಬ ನೋಡಲು ದೊಡ್ಡ ಸಾಹೇಬ ಬರುವವನಿದ್ದ.

"ಕಚೇರಿ ತೊಟ್ಟೀದು ತಗೊಳ್ಳಲಾ ಸ್ವಾಮಿ?"

"ಮುಟ್ಟಿದ್ರೆ ಕೈ ಕಡೀತೀನಿ. ನಿಮ್ಮೋರು ಮುಟ್ಟಿದ್ದನ್ನ ನಾವು ಕುಡೀಬೇಕಾ? ನಿನ್ನ ಮನೇದು ತಾ ಹೋಗು."

ಅವಳಿಗೆ ಸಿಟ್ಟಿಗಿಂತ ಹೇಸಿಗೆಯಾಯಿತು. ಮನೆಯಲ್ಲಿ ಮೊಮ್ಮಗಳು ನಾಲ್ಕು ದಿನದ ಭೇದಿಗೆ ಬತ್ತಿ ಚಾಪೆಗಂಟಿಕೊಂಡಿದ್ದಳು. ಮಳೆಯಕ್ಕ ಮನೆಗೆ ಹೋಗಿ ಚೊಂಬು ತೆಗೆದುಕೊಂಡಳು.

"ಅತ್ತೆ, ಅದು ಗುಂಡಿ ನೀರು. ಇನ್ನೂ ಸೋಸಿಲ್ಲ," ಎಂದಳು ಸೊಸೆ.

"ಸೋಸಬೇಡ ಕಣೇ. ಹಂಗೇ ಕೊಡು."

ಅವಳು ಆ ನೀರನ್ನು ಡಬ್ಬಕ್ಕೆ ಹುಯ್ದು ಮುಚ್ಚುವಷ್ಟರಲ್ಲಿ ದೊಡ್ಡ ಸಾಹೇಬ ಕುತ್ತಿಗೆ ಒರೆಸಿಕೊಳ್ಳುತ್ತ ಬಂದ. "ನಿನ್ನೆ ಭರ್ಜರಿ ಮಳೆ ಸಾರ್," ಎಂದು ಸಾಹೇಬ ಹಲ್ಲು ಕಿರಿದ. "ಏಯ್, ಅಳೆದು ತೋರ್ಸೇ."

ಮಳೆಯಕ್ಕ ಬಾಟಲಿ ಬಗ್ಗಿಸಿದಳು. ಗ್ಲಾಸಿಗೆ ಹಸಿರು ನೀರು ಇಳಿಯಿತು. ಎರಡು ಕೆಂಪು ಹುಳ ಮೇಲೆ ಬಂದು ಹೊರಳಾಡಿದವು. ನಾತಕ್ಕೆ ದೊಡ್ಡ ಸಾಹೇಬ ಮೂಗು ಹಿಡಿದ.

"ಏನಿದು ಹೊಲಸು?"

"ಮಳೆ ಸ್ವಾಮಿ. ಬೆಳಿಗ್ಗೆ ಇವರೇ ನನ್ನ ಕೈಲಿ ಹುಯ್ಯಿಸಿದ್ದು. ಐದು ವರ್ಷದಿಂದ ನಮ್ಮ ಮಕ್ಕಳು ಇದನ್ನೇ ಕುಡೀತಿರೋದು."

"ಬಾಯಿ ಮುಚ್ಚೇ ಲೌಡಿ!" ಸಾಹೇಬ ಹೊಡೆಯಲು ಕೈ ಎತ್ತಿದ.

ಅವಳು ಹಿಂದೆ ಸರಿಯಲಿಲ್ಲ. ಗ್ಲಾಸನ್ನು ಅವನ ತುಟಿಯ ಹತ್ತಿರ ಹಿಡಿದಳು.

"ನೀವು ಸುರಿಸಿದ ಮಳೆ ಅಲ್ವಾ? ಮೊದಲು ನೀವು ಕುಡೀರಿ."

ಎತ್ತಿದ ಕೈ ಅವನ ಬಾಯನ್ನೇ ಮುಚ್ಚಿಕೊಂಡಿತು. ಅವನು ಒಂದು ಹೆಜ್ಜೆ ಹಿಂದೆ ಹೋದ. ಅವಳು ಒಂದು ಹೆಜ್ಜೆ ಮುಂದೆ ಬಂದಳು, ಹನಿ ಚೆಲ್ಲದ ಹಾಗೆ.